ನಿರ್ವಹಣೆಯ ಕೊರತೆ ಎಂದು ನಾನು ಬರೆದೆ

ಹಳೆಯ ಊರು ನೋಡಲು ಬಂದವರು ಮೊದಲು ಬಾಗಿಲು ನೋಡುತ್ತಾರೆ. ಕೆತ್ತನೆಯ ಚೌಕಟ್ಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹಿತ್ತಾಳೆಯ ಬಳೆ ಹಿಡಿದು ಒಮ್ಮೆ ಬಡಿಯುತ್ತಾರೆ, ಒಳಗಿನವರು ‘ಯಾರ್ರಿ’ ಅನ್ನುವಷ್ಟರಲ್ಲಿ ಮುಂದಿನ ಮನೆಗೆ ಹೋಗಿರುತ್ತಾರೆ. ನಾನು ತಲೆ ಎತ್ತಿ ಮಾಳಿಗೆ ನೋಡುವವನು. ಅದು ನನ್ನ ಕಸುಬು. ಆ ಕಸುಬು ಚೆನ್ನಾಗಿ ಬಲ್ಲೆ ಎಂಬ ಸೊಕ್ಕಿನಲ್ಲಿ ಒಂದು ಮನೆ ಕೆಡಿಸಿದೆ. ಅದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಕಾಗದದ ಮೇಲೆ ಮಾಡಿದೆ.

ಊರಿನ ಹೆಸರು ಬರೆಯುವುದಿಲ್ಲ. ಲಿಂಗಸುಗೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು, ಮಸ್ಕಿ ಕಡೆಯಿಂದ ಬಂದರೂ ಅಷ್ಟೇ. ಸಣ್ಣ ಊರು. ಒಂದು ಓಣಿಯ ಎರಡೂ ಬದಿಗೆ ನಿಜಾಮರ ಕಾಲದ ಮನೆಗಳು: ಕಲ್ಲಿನ ಗೋಡೆ, ಸಾಗವಾನಿ ಕಂಬ, ಮೇಲೆ ಛಾವಣಿಯಾಗಿ ಮಣ್ಣಿನ ಚಪ್ಪಟೆ ಮಾಳಿಗೆ. ರಜೆಯ ದಿನ ಕಾರುಗಳಲ್ಲಿ ಜನ ಬಂದು ನೋಡಿ ಹೋಗುತ್ತಾರೆ. ಇಂಥ ಮನೆಗಳನ್ನು ದುರಸ್ತಿ ಮಾಡಿ ಉಳಿಸುವ ಒಂದು ಯೋಜನೆ ಬಂತು, ಅದರ ಕಛೇರಿ ಲಿಂಗಸುಗೂರಿನಲ್ಲಿ ಬಾಡಿಗೆ ಕಟ್ಟಡದಲ್ಲಿ ಶುರುವಾಯಿತು, ಸ್ಥಳದ ಇಂಜಿನಿಯರ್ ಆಗಿ ನನ್ನನ್ನು ತೆಗೆದುಕೊಂಡರು. ಓಣಿಯಲ್ಲಿ ಏಳು ಮನೆ ಆರಿಸಿದ್ದರು.

ನಾನು ಸಿಂಧನೂರಿನವನು. ನಮ್ಮ ಕಡೆ ಕಾಲುವೆ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಆರ್‌ಸಿಸಿ ಬಂತು. ಮಣ್ಣಿನ ಮಾಳಿಗೆಯನ್ನು ನಾನು ಹತ್ತಿರದಿಂದ ನೋಡಿದ್ದು ಅಜ್ಜಿಯ ಊರು ಮುಕ್ಕುಂದದಲ್ಲಿ, ಅದೂ ಕೆಡವುತ್ತಿರುವಾಗ. ಈ ಸಂಗತಿಯನ್ನು ಕಛೇರಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ಓಣಿಯ ಮಧ್ಯದ ಮನೆ. ಮನೆಯ ಹಿರಿಯ ಹೆಣ್ಣುಮಗಳನ್ನು ಊರಿನವರೆಲ್ಲ, ಹಿಂದೂ ಮುಸಲ್ಮಾನ ಎನ್ನದೆ, ಖಾಲಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡಿದ್ದರು, ಮಗ ಲಾರಿ ಓಡಿಸುತ್ತಿದ್ದ. ಸೊಸೆ ಮುಂದಿನ ಪಡಸಾಲೆಯಲ್ಲಿ ಎಂಟು ಮಿಷನ್ ಇಟ್ಟುಕೊಂಡು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಬೆಳಿಗ್ಗೆ ಹತ್ತರಿಂದ ಆ ಮನೆಯಲ್ಲಿ ಮಿಷನ್‌ಗಳ ಸದ್ದು, ಹುಡುಗಿಯರ ನಗು. ಮಾಪು ಹಿಡಿಯಲು ನಾನು ಟೇಪಿನ ಇನ್ನೊಂದು ತುದಿಯನ್ನು ಯಾವಳಾದರೂ ಒಬ್ಬಳಿಗೆ ಕೊಟ್ಟರೆ ಸಾಕು, ‘ಸಾಹೇಬ್ರಿಗಿ ಜಂಪರ್ ಅಳತಿ ತಗೊಳ್ಳಾಕ ಬರಂಗಿಲ್ಲ, ಮನಿ ಅಳತಿ ತಗೊಳ್ಳಾಕತ್ತಾರ’ ಎಂದು ಚುಡಾಯಿಸುತ್ತಿದ್ದರು.

ಖಾಲಾ ನನ್ನನ್ನು ಮೊದಲ ದಿನವೇ ಮೇಲೆ ಕರೆದುಕೊಂಡು ಹೋದರು. ಅರವತ್ತು ದಾಟಿದ ಹೆಂಗಸು, ನಿಚ್ಚಣಿಕೆಯನ್ನು ನನಗಿಂತ ಮೊದಲು ಹತ್ತಿ ನಿಂತಿದ್ದರು. ಆ ಓಣಿಯಲ್ಲಿ ಮಾಳಿಗೆ ಹೆಂಗಸರ ಜಿಮ್ಮಾ, ಅವರದೇ ಹೊಣೆ. ಮದುವೆಯಾಗಿ ಬಂದ ಸೊಸೆ ಮಳೆಗಾಲ ತೆರೆಯುವ ಮೊದಲ ಮಿರಗ ಮಳೆಗೆ ಮುಂಚೆ ಅತ್ತೆಯ ಜೊತೆ ಮೇಲೆ ಹತ್ತುತ್ತಾಳೆ, ಅತ್ತೆ ಇರುವ ತನಕ ಕಲಿಯುತ್ತಾಳೆ, ಆಮೇಲೆ ಮಾಳಿಗೆ ಅವಳದು. ಸಂತೆಕಲ್ಲೂರಿನ ಕಡೆಯಿಂದ ಸವುಳು ಮಣ್ಣು ತರಿಸುತ್ತಾರೆ; ಉಪ್ಪಿನ ಅಂಶದ ಬಿಳಿಚು ಮಣ್ಣು ಅದು, ನೀರು ಬಿದ್ದರೆ ಹೆಪ್ಪುಗಟ್ಟಿ ಕೆಳಗೆ ಇಳಿಯಗೊಡುವುದಿಲ್ಲ. ಖಾಲಾ ಮೊದಲ ಮಳೆಯ ಮರುದಿನ ಬರಿಗಾಲಲ್ಲಿ ಮಾಳಿಗೆಯ ಉದ್ದಗಲಕ್ಕೂ ನಡೆಯುತ್ತಿದ್ದರು. ಹಿಮ್ಮಡಿ ಎಲ್ಲಿ ಇಳಿಯಿತೋ ಅಲ್ಲಿ ಒಂದು ಚಿಟಿಕೆ ಬೂದಿ ಹಾಕಿ ಗುರುತು ಮಾಡಿ, ಆ ಜಾಗ ಕೆದರಿ, ಹೊಸ ಮಣ್ಣು ತುಂಬಿ, ಹಲಗೆಯಿಂದ ಬಡಿಯುತ್ತಿದ್ದರು. ನಲವತ್ತು ವರ್ಷ ಹೀಗೆ ನೋಡಿಕೊಂಡಿದ್ದೇನೆ, ಪಡಸಾಲೆಯಲ್ಲಿ ಒಂದು ಹನಿ ಬಿದ್ದಿಲ್ಲ ಎಂದು ಹೇಳುವಾಗ ಅವರ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾನು ಮುದುಕಿಯ ಹಟ ಎಂದು ತಿಳಿದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ವರ್ಷ ವರ್ಷ ಮಣ್ಣು ಹಾಕಿ ಹಾಕಿ ಮಾಳಿಗೆ ದಪ್ಪವಾಗಿ ಭಾರ ಹೆಚ್ಚಿತ್ತು, ಅದು ನಿಜ. ಅರ್ಧ ಗೇಣು ಮಣ್ಣು ಕೆರೆದು ತೆಗೆಸಿದೆ, ಅದೂ ಸರಿಯೇ. ಆಮೇಲೆ ಮಾಡಿದ್ದು ಸರಿಯಲ್ಲ. ಉಳಿದ ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಬ್ಬಿಣದ ಜಾಳಿಗೆ, ಮೇಲೆ ಎರಡು ಇಂಚು ಸಿಮೆಂಟ್ ಕಾಂಕ್ರೀಟ್. ನಕ್ಷೆ ನನ್ನದು. ದೂರದ ಊರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಹಿರಿಯ ಸಲಹೆಗಾರರು ಅದನ್ನು ನೋಡಿ ತಲೆಯಾಡಿಸಿ ಸಹಿ ಹಾಕಿದರು.

ಕೆಲಸದ ಗೌಂಡಿ ಮಸ್ಕಿಯವರು. ಮೂರು ತಲೆಮಾರಿನಿಂದ ಕಲ್ಲು ಮಣ್ಣಿನ ಮನೆ ಕಟ್ಟಿದ ಮನೆತನ. ನಾನು ಕಾಕಾ ಎಂದು ಕರೆಯುತ್ತಿದ್ದೆ. ಪ್ಲಾಸ್ಟಿಕ್ ಹಾಳೆಯ ಸುರುಳಿ ಬಿಚ್ಚಿದ ದಿನ ಅವರು ಕರಣೆ ಕೆಳಗಿಟ್ಟು ಕೂತರು.

“ಸಾಹೇಬ್ರ, ಮಣ್ಣು ನೀರು ಕುಡೀತೈತಿ, ಬಿಸಲಿಗಿ ಬಿಡತೈತಿ. ಮ್ಯಾಲಿಂದ ಬಾಯಿ ಕಟ್ಟಿದ್ರ ಕುಡದಿದ್ದು ಎಲ್ಲಿ ಹೋಗಬೇಕ್ರಿ?”

ಕುಡಿಯುವುದೇ ಇಲ್ಲವಲ್ಲ ಕಾಕಾ, ಅದಕ್ಕೇ ಪ್ಲಾಸ್ಟಿಕ್ ಎಂದು ನಾನು ನಕ್ಕೆ. ಅವರು ಮತ್ತೆ ಕರಣೆ ಎತ್ತಿಕೊಂಡರು. ಗೌಂಡಿ ಹೇಳಿದ್ದನ್ನು ಇಂಜಿನಿಯರ್ ಕೇಳುವ ರೂಢಿ ನಮ್ಮ ಕಡೆ ಇಲ್ಲ, ಅವರಿಗೂ ಅದು ಗೊತ್ತಿತ್ತು.

ಕೆಲಸ ಮುಗಿದ ದಿನ ಖಾಲಾರಿಗೆ ಹೇಳಿದೆ: ಇನ್ನು ನೀವು ಮೇಲೆ ಹತ್ತುವ ಅಗತ್ಯವಿಲ್ಲ, ಮಣ್ಣು ಹಾಕುವುದು ಬೇಡ, ಹತ್ತಿದರೆ ಅಂಚಿನ ಕಡೆ ಬಿರುಕು ಬರುತ್ತದೆ. ಅವರು, ಹಾಗಾದರೆ ನನ್ನ ಸೊಸೆಗೆ ಏನು ಕಲಿಸಲಿ ಎಂದು ಕೇಳಿದರು. ಆ ಪ್ರಶ್ನೆಗೂ ನಾನು ನಕ್ಕೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ನಿಚ್ಚಣಿಕೆಯನ್ನು ಅವರು ಹಿತ್ತಲಿಗೆ ಒಯ್ದು ಇಟ್ಟರು.

ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಒಂದು ಹನಿ ಸೋರಲಿಲ್ಲ, ಮಾಳಿಗೆಯ ಮೇಲೆ ಹುಲ್ಲು ಹುಟ್ಟಲಿಲ್ಲ. ಕಛೇರಿಯವರು ಬಂದು ಫೋಟೊ ತೆಗೆದರು, ಬೇರೆ ಕಡೆಯ ಇಂಜಿನಿಯರುಗಳನ್ನು ಕರೆತಂದು ತೋರಿಸಿದರು. ಉಳಿದ ಆರು ಮನೆಗಳಿಗೂ ಅದನ್ನೇ ಮಾಡಿದೆವು. ಆ ವರ್ಷ ನಾನು ಬಹಳ ಖುಷಿಯಲ್ಲಿದ್ದೆ. ಸಿಂಧನೂರಿನ ಗೆಳೆಯರ ಮುಂದೆ ನನ್ನ ಏಳು ಮಾಳಿಗೆಗಳ ಕಥೆ ಹೇಳಿ ಹೇಳಿ, ಕೊನೆಗೆ ಅವರು ನನ್ನನ್ನು ಕಂಡರೆ ‘ಬಂದ ನೋಡು ಮಾಳಿಗಿ’ ಅನ್ನುವಂತಾಯಿತು.

ಎರಡನೆಯ ಮಳೆಗಾಲದ ನಡುವೆ, ಹುಬ್ಬಿ ನಕ್ಷತ್ರದ ಮಳೆ ಹಿಡಿದಿತ್ತು. ಖಾಲಾ ಫೋನ್ ಮಾಡಿದರು. ಪಡಸಾಲೆಯಲ್ಲಿ ಒಂದು ನಮೂನೆ ವಾಸನೆ ಬರುತ್ತಿದೆ, ಗೋಡೆಯ ಮೇಲೆ ತೊಲೆಯ ತುದಿ ಕೂತಲ್ಲಿ ಕಲ್ಲು ಕಪ್ಪಾಗಿದೆ, ಒಮ್ಮೆ ಬಂದು ನೋಡಿ ಎಂದರು. ಹಳೆಯ ಕಟ್ಟಿಗೆ, ಮಳೆಗಾಲದಲ್ಲಿ ವಾಸನೆ ಇದ್ದೇ ಇರುತ್ತದೆ, ಈ ವಾರ ಬರುತ್ತೇನೆ ಎಂದೆ. ಬೇರೊಂದು ಊರಿನ ನಕ್ಷೆ ಬರೆಯುವುದರಲ್ಲಿದ್ದೆ. ಆ ವಾರ ಹೋಗಲಿಲ್ಲ. ಮುಂದಿನ ವಾರ ಅವರು ಮತ್ತೆ ಫೋನ್ ಮಾಡಿದರು, ನಾನು ಎತ್ತಲಿಲ್ಲ.

ಅದಾದ ಎರಡು ದಿನಕ್ಕೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಾಳಿಗೆ ಬಿತ್ತು. ನಡೆದದ್ದನ್ನು ಹುಡುಗಿಯರು ಆಮೇಲೆ ನನಗೆ ಹೇಳಿದರು. ಖಾಲಾ ಅಡುಗೆಮನೆಯಿಂದ ಬಂದು ಪಡಸಾಲೆಯ ನಡುವೆ ನಿಂತರಂತೆ. ಮಿಷನ್ ನಿಲ್ಲಿಸಿ ಎಂದರಂತೆ. ಮಾಳಿಗೆಯಿಂದ ಸಣ್ಣಗೆ ಮಣ್ಣು ಉದುರುವ ಸದ್ದು ಕೇಳಿ, ಬಟ್ಟೆ ಕತ್ತರಿ ಏನೂ ಮುಟ್ಟಬೇಡಿ, ಹೊರಗೆ ನಡೆಯಿರಿ ಎಂದು ಎಲ್ಲರನ್ನೂ ಓಣಿಗೆ ದಬ್ಬಿದರಂತೆ. ಕೊನೆಯ ಹುಡುಗಿ ಹೊಸ್ತಿಲು ದಾಟಿದ ಮೇಲೆ ತೊಲೆ ಮುರಿದು, ಅದು ಹೊತ್ತ ಒಂದು ಅಂಕಣದಷ್ಟು, ಎಂದರೆ ಎರಡು ಕಂಬಸಾಲಿನ ನಡುವಿನಷ್ಟು, ಮಾಳಿಗೆ ಕೆಳಗೆ ಬಂತು. ಮೂರು ಮಿಷನ್ ಅದರಡಿ ಹೋದವು. ಯಾರಿಗೂ ಪೆಟ್ಟಾಗಲಿಲ್ಲ. ಇದು ಖಾಲಾರ ಕಿವಿಯ ಪುಣ್ಯ, ನನ್ನದೇನೂ ಇಲ್ಲ.

ಮಧ್ಯಾಹ್ನ ನಾನು ಹೋಗಿ ಮುಟ್ಟಿದೆ. ಮೊದಲು ಕಾಕಾರನ್ನು ಕರೆಸಿ ಪಕ್ಕದ ಅಂಕಣಗಳಿಗೆ ಆಸರೆ ಕಂಬ ಕೊಡಿಸಿದೆ. ಆಮೇಲೆ ಇನ್ನೂ ಬೀಳದ ತೊಲೆಯೊಂದರ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಸಾಗವಾನಿಯಲ್ಲಿ ಅದು ಒಂದು ನೂಲಿನಷ್ಟೂ ಹೋಗಬಾರದು. ಹಿಡಿಯ ತನಕ ಹೋಯಿತು. ಹೊರಗೆಳೆದರೆ ಕಪ್ಪು ಹಿಟ್ಟು ಮೆತ್ತಿಕೊಂಡಿತ್ತು.

ಕಾಕಾರನ್ನು ಕರೆದುಕೊಂಡು ಮೇಲೆ ಹತ್ತಿದೆ. ಮಾಳಿಗೆಯ ಅಂಚಿನ ಕುಂಬಿ ಗೋಡೆಗೆ ಕಾಂಕ್ರೀಟ್ ಕೂಡುವಲ್ಲಿ ಕೂದಲೆಳೆಯಂಥ ಬಿರುಕು ಉದ್ದಕ್ಕೂ ಓಡಿತ್ತು. ನಮ್ಮ ಬೇಸಿಗೆಯ ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಿ ಅಲ್ಲಿ ಬಿಟ್ಟುಕೊಂಡಿತ್ತು. ಒಂದು ಅಡಿ ಚೌಕ ಒಡೆಸಿದೆ. ಪ್ಲಾಸ್ಟಿಕ್ ಹಾಳೆಯ ಕೆಳಮೈಯಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು, ಅದರಡಿಯ ಮಣ್ಣು ರೊಟ್ಟಿಯ ಹಿಟ್ಟಿನಂತೆ ಕೈಗೆ ಹತ್ತಿತು. ಎರಡು ವರ್ಷ ಅಂಚಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಮೇಲೆ ಪ್ಲಾಸ್ಟಿಕ್ ಬಿಡಲಿಲ್ಲ, ಅದು ಕೆಳಗಿಳಿದು ತೊಲೆಯ ತುದಿಗೆ ಹೋಗಿ ಕೂತಿತು. ನೂರು ವರ್ಷಕ್ಕೆ ಏನೂ ಆಗದಿದ್ದ ಕಟ್ಟಿಗೆಯನ್ನು ನನ್ನ ಎರಡು ಇಂಚು ಎರಡು ಮಳೆಗಾಲದಲ್ಲಿ ತಿಂದಿತ್ತು.

ಕಾಕಾ ಆ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ ಕೈ ಒರೆಸಿಕೊಂಡರು. ‘ನಾ ಹೇಳಿದ್ದೆ’ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸಲಹೆಗಾರರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. ಹಳೆಯ ಕಟ್ಟಿಗೆಗೆ ಆಯುಷ್ಯ ಮುಗಿದಿತ್ತು, ಮನೆಯವರು ನೋಡಿಕೊಂಡಿಲ್ಲ, ಹಾಗೆಂದು ವರದಿ ಕೊಡಿ, ಆ ಮನೆಯನ್ನು ಪಟ್ಟಿಯಿಂದ ಕೈಬಿಡೋಣ, ಉಳಿದ ಆರಕ್ಕೆ ಆಮೇಲೆ ನೋಡಿದರಾಯಿತು ಎಂದರು. ಕಾಂಕ್ರೀಟಿನ ಮಾತು ಅವರು ತೆಗೆಯಲಿಲ್ಲ, ನಾನು ತೆಗೆದಾಗ ಫೋನು ಇಟ್ಟರು.

ತಪ್ಪು ಅವರದೆಂದು ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಮರುದಿನ ಲಿಂಗಸುಗೂರಿನ ಕಛೇರಿಯಲ್ಲಿ ಕೂತು ನಮೂನೆ ತುಂಬಿದೆ. ‘ಕುಸಿತಕ್ಕೆ ಕಾರಣ’ ಎಂಬ ಜಾಗದಲ್ಲಿ ‘ಕಟ್ಟಿಗೆಯ ವಯಸ್ಸು ಮತ್ತು ನಿರ್ವಹಣೆಯ ಕೊರತೆ’ ಎಂದು ಬರೆದೆ. ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಬೇರೆ ಊರುಗಳಿಂದ ಬಂದು ನನ್ನ ಮಾಳಿಗೆ ನೋಡಿಹೋದ ಇಂಜಿನಿಯರುಗಳ ಮುಖ. ಅವರು ನಗುತ್ತಾರೆ ಎಂದು ಹೆದರಿದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಆ ಮೇಲಿನ ಎಂಟು ದಿನ ನಾನು ಸಿಂಧನೂರಿನಲ್ಲಿ ಉಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಪಾಡು. ಮನೆಯಲ್ಲಿ ಯಾರಾದರೂ ಮಳೆಯ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದೆ. ಹೆಂಡತಿ ಏನಾಗಿದೆ ಎಂದು ಎರಡು ಸಲ ಕೇಳಿದಳು, ಮೈ ಸರಿಯಿಲ್ಲ ಎಂದೆ. ನನ್ನ ಲೆಕ್ಕದಲ್ಲಿ ಆ ವರದಿ ಒಂದು ಕಾಗದ. ಕಛೇರಿಯ ಕಡತಕ್ಕೆ ಹೋಗುತ್ತದೆ, ಅಲ್ಲೇ ಇರುತ್ತದೆ. ಮನೆಯವರು ಅದನ್ನು ಓದುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಮಸ್ಕಿಗೆ ಹೋದೆ. ಆಸರೆಯ ಕಂಬಗಳ ಲೆಕ್ಕ ನೋಡುವ ನೆಪ, ನಿಜಕ್ಕೂ ಕಾಕಾರ ಮುಖ ನೋಡಬೇಕೆನಿಸಿತ್ತು. ಅವರು ಮನೆಯ ಮುಂದೆ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದರು. ಚಹಾ ಕುಡಿಸಿದರು. ಆಮೇಲೆ ಕೆಲಸದ ಮಾತಿನಂತೆ ಕೇಳಿದರು:

“ಉಳದ ಆರು ಮನ್ಯಾಗ ಮೊದಲ ಯಾವದಕ್ಕ ಆಸರಿ ಕೊಡೂಣ್ರಿ?”

ಅವರೇ ಮುಂದುವರಿಸಿದರು. ಖಾಲಾ ಮನೆಯ ಚಿಂತೆ ಇನ್ನು ಬೇಡ, ಅದು ಹೋಗುವ ಮನೆ ಎಂದರು. ಕಛೇರಿಯವರು ಬಂದು ಗೋಡೆಗೆ ಅಪಾಯದ ನೋಟಿಸು ಅಂಟಿಸಿ, ವರದಿಯನ್ನು ಓಣಿಯಲ್ಲಿ ನಿಂತು ಓದಿ ಹೇಳಿದ್ದರು. ಮನೆಯವರೇ ನೋಡಿಕೊಂಡಿಲ್ಲ ಎಂದು ಕೇಳಿ, ಸಾಹೇಬರು ಬೇಡವೆಂದರೂ ಹತ್ತಿ ನೋಡಬೇಕಿತ್ತು ಎಂದು ಸೊಸೆ ಅತ್ತೆಯ ಮೇಲೆ ಹರಿಹಾಯ್ದಿದ್ದಳು. ಹುಡುಗಿಯರು ಸತ್ತಿದ್ದರೆ ಯಾರು ಉತ್ತರ ಕೊಡುತ್ತಿದ್ದರು ಎಂದು ನೆರೆಯವರೆದುರು ಕೇಳಿದ್ದಳು. ಖಾಲಾ ಎದುರು ಮಾತಾಡಿರಲಿಲ್ಲ. ಮನೆ ಕೆಡವಲು ಒಪ್ಪಿಗೆ ಎಂಬ ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದರು. ಹೊಲಿಗೆ ಕ್ಲಾಸು ನಿಂತಿತ್ತು.

ಮನೆ ಬಿದ್ದದ್ದು ನನ್ನ ಅಜ್ಞಾನದಿಂದ. ಅದಕ್ಕೆ ಕ್ಷಮೆ ಉಂಟೇನೋ. ಈ ಹೆಂಗಸಿನ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿದ್ದು ಗೊತ್ತಿದ್ದೂ ಮಾಡಿದ್ದು. ಆ ಹೊತ್ತಿಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆದರೂ ಅಳುತ್ತ ಕೂರುವ ಹೊತ್ತಲ್ಲ ಅದು. ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಂದು ಮನೆಯ ಮಣ್ಣು ನೋಡಿ ಬರೆದರೆ, ಅಲ್ಲಿ ಬೇರೇನೋ ಕಾರಣವಿತ್ತು ಎಂದು ತಳ್ಳಿಹಾಕುತ್ತಾರೆ. ಕಾಕಾರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಊರಿಗೆ ಹೋದೆ. ಉಳಿದ ಆರು ಮನೆಗಳ ಮಾಳಿಗೆಯಲ್ಲಿ ಪ್ರತಿಯೊಂದರ ಅಂಚಿಗೂ ನಡುವಿಗೂ ಒಂದೊಂದು ತೂತು ಕೊರೆದು ಕಬ್ಬಿಣದ ಸರಳು ಇಳಿಸಿದೆವು. ಐದು ಮನೆಯಲ್ಲಿ ಅಂಚಿನ ಸರಳಿಗೆ ಹಸಿ ಮಣ್ಣು ಹತ್ತಿ ಬಂತು. ಎರಡು ಮನೆಯಲ್ಲಿ ನಡುವೆಯೂ ಬಂತು. ಅಲ್ಲಿ ಅಂದೇ ಆಸರೆ ಕೊಟ್ಟು, ಪಡಸಾಲೆಯಲ್ಲಿ ಮಲಗಬೇಡಿ ಎಂದು ಹೇಳಿದೆವು. ಏಕೆ ಎಂದು ಕೇಳಿದವರಿಗೆ, ನಾನು ಹಾಕಿಸಿದ ಕಾಂಕ್ರೀಟ್ ತಪ್ಪಾಗಿದೆ ಎಂದೆ. ಮೊದಲ ಮನೆಯಲ್ಲಿ ನಾಲಿಗೆ ತೊಡರಿತು. ಆರನೆಯ ಮನೆಯ ಹೊತ್ತಿಗೆ ಸರಾಗವಾಗಿ ಬಂತು. ಅಷ್ಟು ಹೊತ್ತೂ ಖಾಲಾ ಮನೆಯ ಮುಂದೆ ಹಾಯ್ದು ಹೋಗುತ್ತಿದ್ದೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮರುದಿನ ಲಿಂಗಸುಗೂರಿನಲ್ಲಿ ಕಛೇರಿಯ ಎದುರಿನ ಹೋಟೆಲಿನಲ್ಲಿ ಕೂತು ಎರಡನೆಯ ವರದಿಯನ್ನು ಕೈಯಲ್ಲೇ ಬರೆದೆ. ಹಿಂದಿನ ವರದಿ ಸುಳ್ಳು, ಅದು ಸುಳ್ಳೆಂದು ಗೊತ್ತಿದ್ದೇ ಸಹಿ ಹಾಕಿದ್ದೇನೆ, ಕುಸಿತಕ್ಕೆ ಕಾರಣ ನನ್ನ ನಕ್ಷೆ, ಮನೆಯವರು ನಿರ್ವಹಣೆ ನಿಲ್ಲಿಸಿದ್ದು ನನ್ನ ಸೂಚನೆಯ ಮೇರೆಗೆ ಎಂದು ಬರೆದೆ. ಏಳು ಮನೆಗಳ ಮಣ್ಣನ್ನೂ ಏಳು ಚೀಲದಲ್ಲಿ ಕಟ್ಟಿ ಜೊತೆಗಿಟ್ಟೆ; ಖಾಲಾ ಮನೆಯದನ್ನು ಕಾಕಾ ಹೋಗಿ ತಂದುಕೊಟ್ಟಿದ್ದರು. ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಎರಡು ಸಲ ಓದಿದರು.

“ಅದರ ಮ್ಯಾಲೂ ನಿಮ್ಮ ಸಹಿ ಐತಿ, ಇದರ ಮ್ಯಾಲೂ ನಿಮ್ಮ ಸಹಿನ. ಯಾವದನ್ನ ನಂಬಬೇಕ್ರಿ?”

ಚೀಲ ಬಿಚ್ಚಿ ನೋಡಿ ಎಂದೆ. ಅವರು ಬಿಚ್ಚಲಿಲ್ಲ, ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟರು. ಖಾಲಾರ ಒಪ್ಪಿಗೆ ಪತ್ರವನ್ನು ತಡೆಹಿಡಿಯಿರಿ ಎಂದು ಕೇಳಿಕೊಂಡೆ. ಅದು ನಿಮ್ಮ ಕೈಯಲ್ಲಿಲ್ಲ, ಕೊಟ್ಟವರೇ ಬಂದು ಹಿಂದಕ್ಕೆ ಪಡೆಯಬೇಕು, ಅದೂ ಈ ವಾರದೊಳಗೆ, ಮುಂದಿನ ವಾರ ಕೆಡವಲು ಮಿಷನ್ ಬರುತ್ತದೆ ಎಂದರು. ಸಲಹೆಗಾರರಿಗೆ ವರದಿಯ ಪ್ರತಿ ಕಳಿಸಿದೆ. ಅವರಿಂದ ಫೋನು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಸಂಜೆಯೊಳಗೆ ನನ್ನನ್ನು ಕೆಲಸದಿಂದ ತೆಗೆದ ಸಂದೇಶ ಮಾತ್ರ ಬಂತು. ಓದಿ, ಒಂದು ರೀತಿ ಹಗುರಾಯಿತು.

ಮರುದಿನ ಬೆಳಿಗ್ಗೆ ಖಾಲಾ ಮನೆಗೆ ಹೋದೆ. ಬಿದ್ದ ಅಂಕಣಕ್ಕೆ ತಾಡಪತ್ರಿ ಕಟ್ಟಿದ್ದರು. ಉಳಿದ ಐದು ಮಿಷನ್‌ಗಳಿಗೆ ಚಾದರ ಹೊದಿಸಿ ಗೋಡೆಗೆ ಸರಿಸಿದ್ದರು. ಖಾಲಾ ಮಂಚದ ಮೇಲೆ ಕೂತಿದ್ದರು, ಎಂದಿನಂತೆ ಎದ್ದು ಬರಲಿಲ್ಲ. ನಾನು ಮಾತು ಶುರುಮಾಡುವ ಮೊದಲೇ ಅವರು ತಪ್ಪಾಯಿತೆಂದು ನನ್ನ ಮುಂದೆ ಕೈ ಜೋಡಿಸಿದರು. ನೀವು ಇಷ್ಟು ಚೆಂದ ಮಾಡಿಕೊಟ್ಟಿರಿ, ನಾನು ಉಳಿಸಿಕೊಳ್ಳಲಿಲ್ಲ ಎಂದರು. ಆ ಜೋಡಿಸಿದ ಕೈಗಳನ್ನು ನಾನು ನೋಡಲಾರದೆ ಹೋದೆ. ನೆಲ ನೋಡುತ್ತ ಎಲ್ಲ ಹೇಳಿದೆ: ಪ್ಲಾಸ್ಟಿಕ್, ಬಿರುಕು, ಕಾಕಾ ಹೇಳಿದ್ದು, ನಾನು ನಕ್ಕಿದ್ದು, ಎತ್ತದ ಫೋನು, ಸುಳ್ಳು ವರದಿ. ಮುಗಿದ ಮೇಲೆ ಅವರು ಜೋಡಿಸಿದ ಕೈ ಬಿಡಿಸಿ ಕೇಳಿದರು.

“ಅಂದ್ರ, ನಾ ವರ್ಷಾ ಮ್ಯಾಲ ಹತ್ತಿ ನೋಡಿದ್ರೂ ಉಳೀತಿದ್ದಿಲ್ಲ?”

“ಉಳೀತಿದ್ದಿಲ್ಲ ಖಾಲಾ. ನಿಮ್ಮ ಕಾಲಿಗಿ ಬರೇ ಸಿಮೆಂಟ್ ಸಿಗತಿತ್ತು. ಒಳಗಿಂದು ಗೊತ್ತಾಗತಿದ್ದಿಲ್ಲ.”

“ಖರೇ ಹೇಳಾಕತ್ತೀರಿ? ನಂಗ ಸಮಾಧಾನ ಮಾಡಾಕ ಅಲ್ಲ?”

ಖರೇ ಎಂದೆ. ಅವರು ತಲೆಯ ಸೆರಗು ಸರಿಮಾಡಿಕೊಂಡು ಒಳಗಿದ್ದ ಸೊಸೆಯನ್ನು ಕೂಗಿದರು.

“ಇಕಿ ಮುಂದ ಇನ್ನೊಮ್ಮೆ ಹೇಳ್ರಿ. ನಾ ಹೇಳಿದ್ರ ತಪ್ಪಿಸಿಕೊಳ್ಳಾಕ ಹೇಳಾಕತ್ತಾಳ ಅಂತಾಳ.”

ಇನ್ನೊಮ್ಮೆ ಹೇಳಿದೆ. ಮೊದಲಿನಷ್ಟು ಸುಲಭವಾಗಲಿಲ್ಲ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಅವಳ ಕಣ್ಣು ನನ್ನ ಮೇಲೆ ಇರಲಿಲ್ಲ, ಅತ್ತೆಯ ಮೇಲಿತ್ತು. ನಾನು ಮುಗಿಸಿದಾಗ ಅವಳು ನನಗೆ ಬಯ್ಯಬಹುದೆಂದು ಕಾದೆ. ಅವಳು ಅತ್ತೆಯ ಕಾಲ ಬಳಿ ಕೂತು ಅತ್ತಳು. ಖಾಲಾ ಅವಳ ಬೆನ್ನ ಮೇಲೆ ಕೈ ಇಟ್ಟರು. ಓಣಿಯಲ್ಲಿ ಎಲ್ಲರ ಮುಂದೆ ಆಡಿದ ಮಾತು ಅಲ್ಲಿ ನಮ್ಮ ಮೂವರ ನಡುವೆಯೂ ಇತ್ತು.

ಅಂದೇ ಮಧ್ಯಾಹ್ನದ ಬಸ್ಸಿಗೆ ಅತ್ತೆ ಸೊಸೆ ಲಿಂಗಸುಗೂರಿಗೆ ಹೋದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಒಪ್ಪಿಗೆ ಹಿಂದಕ್ಕೆ ಪಡೆಯುವ ಅರ್ಜಿಯನ್ನು ಸೊಸೆ ಬರೆದಳು, ಖಾಲಾ ಸಹಿ ಹಾಕಿದರು. ಕಛೇರಿಯ ದೊಡ್ಡವರು ಮೊದಲು ಒಪ್ಪಲಿಲ್ಲ, ಚೀಲಗಳ ಮಣ್ಣನ್ನು ಮೇಜಿನ ಮೇಲೆ ಸುರಿದು ನೋಡಿದ ಮೇಲೆ ಒಪ್ಪಿದರು. ನೋಟಿಸು ರದ್ದಾಯಿತು, ದುರಸ್ತಿಗೆ ಹೊಸ ಇಂಜಿನಿಯರರನ್ನು ನೇಮಿಸಿದರು. ಅವರು ಬುದ್ಧಿವಂತರು, ಮೊದಲ ದಿನವೇ ಕೆಲಸವನ್ನು ಕಾಕಾರ ಕೈಗೆ ಬಿಟ್ಟರು. ನಾನು ಕಾಕಾರ ಕೈಕೆಳಗೆ ಹೆಚ್ಚುವರಿ ಆಳಾಗಿ ಬರುತ್ತೇನೆ ಎಂದೆ. ಕಾಕಾ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ ಎಂದರು.

ಮಳೆ ಹಿಂದೆ ಸರಿದ ಮೇಲೆ ಶುರುವಾಯಿತು. ಕಾಂಕ್ರೀಟನ್ನು ಸುತ್ತಿಗೆಯಿಂದ ಹೊಡೆಯಬಾರದು, ಹೊಡೆತ ತೊಲೆಗೆ ಹೋಗುತ್ತದೆ. ಉಳಿಯಿಂದ ಗೇಣಗಲದ ಪಟ್ಟಿ ಪಟ್ಟಿಯಾಗಿ ಬಿಡಿಸಬೇಕು, ಅದೂ ಎರಡೂ ಬದಿಯಿಂದ ಸರಿಸಮ, ಇಲ್ಲದಿದ್ದರೆ ಭಾರ ಒಂದು ಕಡೆಗೆ ವಾಲುತ್ತದೆ. ಪ್ಲಾಸ್ಟಿಕ್ ತೆಗೆದ ಮೇಲೆ ಮಣ್ಣನ್ನು ಬಿಸಿಲಿಗೆ ಬಿಟ್ಟು ದಿನಕ್ಕೊಮ್ಮೆ ಕೆದರಿದೆವು. ಮೊದಲ ವಾರ ಮಾಳಿಗೆಗಳಿಂದ ಕೆರೆಯಂಗಳದ ವಾಸನೆ ಬರುತ್ತಿತ್ತು. ಕೊಳೆತ ತೊಲೆ ತುದಿಗಳನ್ನು ಗಟ್ಟಿ ಕಟ್ಟಿಗೆ ಸಿಗುವ ತನಕ ಕತ್ತರಿಸಿ ಹೊಸ ಸಾಗವಾನಿಯ ತುಂಡು ಕೂಡಿಸಿದೆವು. ಗೋಡೆಯೊಳಗೆ ಅವು ಕೂರುವ ಗೂಡಿನಲ್ಲಿ ಸುತ್ತಲೂ ಬೆರಳಷ್ಟು ಜಾಗ ಬಿಟ್ಟೆವು, ಗಾಳಿಯಾಡಲಿ ಎಂದು. ಜಂತೆಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ಸೊಪ್ಪು, ಮೇಲೆ ಹದ ಮಾಡಿದ ಮಣ್ಣು, ಕೊನೆಗೆ ಸವುಳು. ನಾನು ಬುಟ್ಟಿ ಹೊತ್ತೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಹಾಗೆ ಹೊತ್ತರೆ ಪಾಪ ಕಳೆಯುತ್ತದೆ ಎಂದು ಒಳಗೊಳಗೆ ನಂಬಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ಕೆಲಸ ಮಾಡುವಷ್ಟು ಹೊತ್ತು ಆ ನಂಬಿಕೆ ಚೆನ್ನಾಗಿಯೇ ನಡೆಯಿತು.

ಖಾಲಾ ಮನೆ ಕೊನೆಗೆ ಮುಗಿಯಿತು. ಬೇಸಿಗೆ ಹತ್ತಿರ ಬಂದಿತ್ತು. ಸೊಸೆ ಮತ್ತೆ ಎಂಟು ಮಿಷನ್ ಜೋಡಿಸಿಕೊಂಡಿದ್ದಳು, ಮರುದಿನದಿಂದ ಕ್ಲಾಸು. ಸಾಮಾನು ಕಟ್ಟಿಕೊಂಡು ಹೊರಡುವ ಮೊದಲು ನಾನು ಖಾಲಾರ ಎದುರು ಕೂತೆ. ಅವರು ಮೊದಲಿನಂತೆ ಚಹಾ ತಂದುಕೊಟ್ಟರು, ಮಗನ ಸುದ್ದಿ ಹೇಳಿದರು, ನನ್ನ ಅಂಗೈ ನೋಡಿ ಎಣ್ಣೆ ಹಚ್ಚಿಕೊಳ್ಳಿ ಎಂದರು. ಅದೇ ನನಗೆ ಧೈರ್ಯ ಕೊಟ್ಟಿತು. ನಿಮ್ಮ ಸಿಟ್ಟು ಹೋಯಿತೇ ಖಾಲಾ ಎಂದು ಕೇಳಿದೆ. ಕೇಳಬಾರದಿತ್ತು.

ಅವರು ಚಹಾದ ಕಪ್ಪು, ಬಸಿ ಎರಡನ್ನೂ ನೆಲದ ಮೇಲಿಟ್ಟರು.

“ಸಿಟ್ಟು ಹೋಗೇತ್ರಿ. ಮಾಳಿಗಿ ನಿಂತೈತಿ, ನನ್ನ ಸೊಸಿ ಮತ್ತ ನನ್ನ ಜೋಡಿ ಉಣ್ಣಾಕ ಕುಂದ್ರತಾಳ. ಸಿಟ್ಟು ಯಾಕ ಇಟಗೊಳ್ಳಲಿ?” ಅಂದರು. ಆಮೇಲೆ ದನಿ ತಗ್ಗಿಸಿದರು. “ಆದ್ರ ಆ ಎಂಟ ದಿನ ದುವಾದಾಗ ತೀರಿಹೋದ ನಮ್ಮತ್ತಿ ಹೆಸರ ತಗೊಂಡು ಅತ್ತೀನಿ. ನೀ ಕೊಟ್ಟ ಮನಿ ನನ್ನ ಕೈಯಾಗ ಹಾಳಾತು, ಮಾಫ್ ಮಾಡು ಅಂತ ಬೇಡೀನಿ. ಮಾಡಲಾರದ ಗಲ್ತಿಗಿ ಬೇಡಿದ ಮಾಫಿ. ಅದನ್ನ ಹೆಂಗ ವಾಪಸ್ ತಗೊಳ್ಳೂದು? ನೀವ ಹೇಳ್ರಿ.”

ಅವರು ಉತ್ತರಕ್ಕಾಗಿ ಕಾಯಲಿಲ್ಲ. ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದರು.